ಹಲಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಪಯಣದ ಗಂಟೆ ಎಣಿಸುವ ಬಗೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಹಲಸೂರು, ಇಂದಿರಾನಗರದ ಹಿರಿಯರು ಟಿಕೆಟ್ ಕೊಳ್ಳುವ ಮುನ್ನ ಕೇಳುವುದು ‘ಎಷ್ಟು ದೂರ?’ ಎಂದು. ನಿಜಕ್ಕೂ ಮೈ ದಣಿಸುವುದು ದೂರಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಕಾಯುವ ಹೊತ್ತು. ಆದರೂ ಲೆಕ್ಕ ದೂರದಿಂದಲೇ ಶುರುವಾಗಲಿ. ಗೋಡೆಯ ಭೂಪಟ ಇದಕ್ಕೆ ಬೇಡ. ಮಕ್ಕಳ ಭೂಗೋಳದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರವೊಂದನ್ನು ಬಿಗಿಯಾಗಿ ಹಿಡಿಯಿರಿ. ಅದು ಸೈಬೀರಿಯಾ, ಅಲಾಸ್ಕಾಗಳನ್ನು ಹಾಯ್ದು ಹೋಗುತ್ತದೆ. ಅದೇ ಅತಿ ಹತ್ತಿರದ ದಾರಿ, 13,993 ಕಿ.ಮೀ. ವಿಮಾನ ಮಾತ್ರ ಗಾಳಿ ಮತ್ತು ವಾಯುಪ್ರದೇಶದ ನಿರ್ಬಂಧ ನೋಡಿಕೊಂಡು ದಾರಿ ಬದಲಿಸುತ್ತದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು.

ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರಿಳಿತಕ್ಕೆ, ಸುತ್ತುದಾರಿಗೆ ಒಂದೂವರೆ ಗಂಟೆ ಸೇರಿಸಿ, ಹದಿನೇಳಾಯಿತು. ಟಿಕೆಟ್ಟಿನಲ್ಲಿರುವ ಸಮಯ ಆಯಾ ಊರಿನದ್ದು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಹದಿಮೂರೂವರೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟವರು ನಮ್ಮ ಲೆಕ್ಕದಲ್ಲಿ ಮಂಗಳವಾರ ಬೆಳಿಗ್ಗೆ 7ಕ್ಕೆ ಇಳಿದರೂ, ಬೇಸಿಗೆಯಾದರೆ ಅಲ್ಲಿ ಇನ್ನೂ ಸೋಮವಾರ ಸಂಜೆ ಆರೂವರೆ. ಕರೆದೊಯ್ಯಲು ಬರುವ ಮಗಳಿಗೆ ಈ ದಿನಾಂಕವನ್ನೇ ಹೇಳಬೇಕು.

ಇನ್ನು ನೆಲದ ಲೆಕ್ಕ. 2008ರ ಮೇ ತಿಂಗಳವರೆಗೆ ವಿಮಾನ ಹತ್ತುತ್ತಿದ್ದ ಎಚ್‌ಎಎಲ್ ವಿಮಾನ ನಿಲ್ದಾಣ ಹಲಸೂರಿಗೆ ಹತ್ತಿರದಲ್ಲೇ ಇತ್ತು. ಈಗ ದೇವನಹಳ್ಳಿ ಕಡೆಗೆ ಸುಮಾರು 35 ಕಿ.ಮೀ. ಟ್ರಾಫಿಕ್ಕಿಗೆಂದು ಒಂದೂವರೆ ಗಂಟೆ, ಚೆಕ್-ಇನ್ ಮತ್ತು ಇಮಿಗ್ರೇಷನ್‌ಗೆ ಮೂರು, ಆ ಕಡೆ ಇಳಿದ ಮೇಲೆ ಎರಡು ಇಟ್ಟುಕೊಂಡರೆ, ನೇರ ವಿಮಾನ ಸಿಕ್ಕರೂ ಮನೆಯಿಂದ ಮನೆಗೆ ಇಪ್ಪತ್ಮೂರೂವರೆ ಗಂಟೆ.

‘ಹಾರಾಟದ ಅವಧಿ ಟಿಕೆಟ್ಟಿನಲ್ಲೇ ಇದೆಯಲ್ಲ, ಇಷ್ಟು ಲೆಕ್ಕ ಯಾಕೆ?’ ಎನ್ನಬಹುದು. ನಡುವೆ ವಿಮಾನ ಬದಲಿಸುವ ಟಿಕೆಟ್‌ಗಳನ್ನು ಹೋಲಿಸುವಾಗ ಇದು ಬೇಕಾಗುತ್ತದೆ. ದುಬೈ ಮೂಲಕ ಹೋದರೆ ದೂರ ಸುಮಾರು 15,700 ಕಿ.ಮೀ.; ಹೆಚ್ಚಾಗುವ 1,700 ಕಿ.ಮೀ. ಹಾರಾಟಕ್ಕೆ ಎರಡು ಗಂಟೆ ಸಾಕು. ಆದರೆ ಅಲ್ಲಿ ಕಾಯುವುದು ಎರಡು ಗಂಟೆಯೂ ಆಗಬಹುದು, ಹತ್ತೂ ಆಗಬಹುದು. ಒಂದು ಟಿಕೆಟ್ ಹಗುರ, ಇನ್ನೊಂದು ಭಾರವಾಗುವುದು ಅಲ್ಲಿಯೇ. ಹಾಗೆಂದು ತೀರಾ ಬಿಗಿಯಾದ ಬದಲಾವಣೆಯೂ ಒಳ್ಳೆಯದಲ್ಲ. ಗಾಲಿಕುರ್ಚಿ ಬೇಕಾದ ಹಿರಿಯರಿಗೆ ಮೂರು ಗಂಟೆಯ ಬಿಡುವು ಸರಿಯೆಂದು ನನ್ನ ಎಣಿಕೆ. ಗಾಲಿಕುರ್ಚಿಯನ್ನು ಬುಕಿಂಗ್ ಮಾಡುವಾಗಲೇ ಕೇಳಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ಕೊಂಡರೆ ಹಣ ಉಳಿಯಬಹುದು, ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್‌ನ ಖರ್ಚು ನಿಮ್ಮ ಮೇಲೇ ಬೀಳುತ್ತದೆ.