ತೆಳು ಚಿಪ್ಪಿನ ಮೊಟ್ಟೆ, ಇಳಿದ ಇಳುವರಿ: ಹಿತ್ತಲ ಕೋಳಿಗಳ ಆರೈಕೆ

ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಬಿಡುವಿಲ್ಲದೆ ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ 3.5ರಿಂದ 4 ಗ್ರಾಂ ಸಿಗಬೇಕು. ಹಿತ್ತಲ ಕೋಳಿ ತಿನ್ನುವ ನುಚ್ಚು, ಅನ್ನ, ಮುಸುಕಿನ ಜೋಳಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಧಾನ್ಯಗಳಲ್ಲೇ ಕ್ಯಾಲ್ಸಿಯಂ ಹೆಚ್ಚಿರುವ ರಾಗಿಯನ್ನು 100 ಗ್ರಾಂ ತಿನ್ನಿಸಿದರೂ ಒದಗುವುದು ಗ್ರಾಮಿನ ಮೂರನೇ ಒಂದು ಪಾಲು ಮಾತ್ರ. ತೌಡು ಹೆಚ್ಚಾದರೆ ಅದರಲ್ಲಿರುವ ಫೈಟೇಟ್ ಇದ್ದಷ್ಟು ಕ್ಯಾಲ್ಸಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೊರತೆ ಬಿದ್ದಾಗ ಹೇಂಟೆ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಆ ದಾಸ್ತಾನು ಬರಿದಾದ ಮೇಲೆ ಚಿಪ್ಪು ತೆಳುವಾಗಿ, ಕಾಲು ಸೋತು, ಕೊನೆಗೆ ಮೊಟ್ಟೆಯೇ ನಿಲ್ಲುತ್ತದೆ. ಹಾಗಾಗಿ ತೆಳು ಚಿಪ್ಪು ಕಂಡ ವಾರದಲ್ಲೇ ಮೇವನ್ನು ಸರಿಪಡಿಸಬೇಕು.

ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಕೆಲಸ ನಡೆಯುವುದು ರಾತ್ರಿ. ಕೋಳಿ ಗೂಡು ಸೇರುವ ಮುನ್ನ, ಸಂಜೆ ಹೊತ್ತು ಕ್ಯಾಲ್ಸಿಯಂ ಸಿಗುವುದು ಇದರಿಂದಲೇ ಮುಖ್ಯ. ಹಿಟ್ಟಿನಂಥ ಪುಡಿ ಬೇಗ ಸಾಗಿಹೋಗುತ್ತದೆ; 2ರಿಂದ 4 ಮಿಲಿಮೀಟರ್ ಗಾತ್ರದ ಚಿಪ್ಪಿನ ಚೂರು ಜಠರದಲ್ಲಿ ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಕೋಳಿ ಆಹಾರದ ಅಂಗಡಿಯಲ್ಲಿ ಶೆಲ್ ಗ್ರಿಟ್ ಹೆಸರಿನಲ್ಲಿ ಇದು ಸಿಗುತ್ತದೆ. ಕರಾವಳಿಯವರು ಮರುವಾಯಿ ಚಿಪ್ಪನ್ನು ತೊಳೆದು ಕುಟ್ಟಿಕೊಂಡರೆ ಸಾಕು. ಅಡುಗೆಮನೆಯ ಮೊಟ್ಟೆಚಿಪ್ಪನ್ನೂ ಕುದಿಸಿ, ಒಣಗಿಸಿ, ಗುರುತು ಸಿಗದಂತೆ ಪುಡಿಮಾಡಿ ಕೊಡಬಹುದು. ಇಡಿಯಾಗಿ ಎಸೆದರೆ ಕೋಳಿಗೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತುತ್ತದೆ. ಚೂರನ್ನು ಪ್ರತ್ಯೇಕ ಬೋಗುಣಿಯಲ್ಲಿಟ್ಟರೆ ಹೇಂಟೆ ಬೇಕಾದಷ್ಟನ್ನೇ ಹೆಕ್ಕಿಕೊಳ್ಳುತ್ತದೆ. ಎಲ್ಲರ ಮೇವಿಗೂ ಬೆರೆಸಬಾರದು, ಬೆಳೆಯುವ ಮರಿಗಳ ಮೂತ್ರಪಿಂಡಕ್ಕೆ ಹೆಚ್ಚಿನ ಕ್ಯಾಲ್ಸಿಯಂ ಕೆಡುಕು. ಎಲೆಯಡಿಕೆಯ ಸುಣ್ಣವನ್ನಂತೂ ಕೊಡಲೇಬಾರದು, ಅದು ಬಾಯಿ, ಗಂಟಲು ಸುಡುತ್ತದೆ. ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ ಜೀವಸತ್ವ ಬೇಕು. ಬಿಸಿಲಲ್ಲಿ ಮೇಯುವ ಕೋಳಿಗೆ ಅದರ ಕೊರತೆಯಿಲ್ಲ, ಸದಾ ಮುಚ್ಚಿದ ಗೂಡಿನಲ್ಲಿರುವುದಕ್ಕೆ ಉಂಟು.

ಮಾರ್ಚ್‌ನಿಂದ ಮೇವರೆಗೆ ಚಿಪ್ಪು ತೆಳುವಾಗಲು ಬಿಸಿಲೇ ಕಾರಣವಾಗಿರಬಹುದು. ಕೋಳಿ ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಜೊತೆಗೆ ಮೇವೂ ಇಳಿಯುತ್ತದೆ. ನೆರಳು, ತಂಪು ನೀರು, ಬೆಳಗ್ಗೆ ಮತ್ತು ಸಂಜೆ ತಂಪಿನಲ್ಲಿ ಮೇವು, ಇವಿಷ್ಟು ಬೇಕು. ಒಂದೇ ದಿನ ನೀರು ತಪ್ಪಿದರೂ ಮೊಟ್ಟೆ ಹಲವು ದಿನ ಇಳಿಯುತ್ತದೆ. ಉಪ್ಪಿನಂಶ ಹೆಚ್ಚಿರುವ ಕೊಳವೆಬಾವಿ ನೀರು ಕೂಡ ಚಿಪ್ಪನ್ನು ಕೆಡಿಸುತ್ತದೆ.

ಮೊಟ್ಟೆ ಕಡಿಮೆಯಾಯಿತೆಂದು ಔಷಧಿಗೆ ಹೋಗುವ ಮೊದಲು ಮೊಟ್ಟೆ ನಿಜಕ್ಕೂ ಕಡಿಮೆಯಾಗಿದೆಯೇ ಎಂದು ನೋಡಬೇಕು. ಹೇಂಟೆ ಬೇಲಿಯಲ್ಲಿ, ಹುಲ್ಲುಮೆದೆಯಲ್ಲಿ ಕದ್ದಿಡುತ್ತಿರಬಹುದು, ಮುಂಗುಸಿ ಒಯ್ಯುತ್ತಿರಬಹುದು, ತೆಳು ಚಿಪ್ಪಿನದು ಒಡೆದು ಕೋಳಿಯ ಹೊಟ್ಟೆಗೇ ಸೇರುತ್ತಿರಬಹುದು. ಮೊಟ್ಟೆಯಿಡುತ್ತಿರುವ ಹೇಂಟೆಯ ಗುದದ್ವಾರ ಅಗಲವಾಗಿ ತೇವವಾಗಿರುತ್ತದೆ, ಅದರ ಇಕ್ಕೆಲದ ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತದೆ. ನಿಲ್ಲಿಸಿದ್ದರೆ ಅದು ಒಣಗಿ ಬಿಗಿದಿರುತ್ತದೆ.

ನಾಟಿ ಕೋಳಿ ಒಂದು ಸರದಿ ಇಟ್ಟು ಕಾವಿಗೆ ಕೂರುವುದು, ಪುಕ್ಕ ಉದುರಿಸುವಾಗ ಮೊಟ್ಟೆ ನಿಲ್ಲಿಸುವುದು ರೋಗವಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ನಾಟಿಗಿಂತ ಹೆಚ್ಚು ಇಡುತ್ತವೆ, ಹಾಗಾಗಿ ಅವಕ್ಕೆ ಮೇವಿನ ಕೊರತೆ ಬೇಗ ತಟ್ಟುತ್ತದೆ. ಡಿಸೆಂಬರಿನಲ್ಲಿ ಹಗಲು 11 ಗಂಟೆ ಚಿಲ್ಲರೆಗೆ ಇಳಿಯುತ್ತದೆ, ಇಂಥ ತಳಿಗೆ 14 ಗಂಟೆ ಬೆಳಕು ಬೇಕು. ಬೆಳಗಿನ ಜಾವ ಗೂಡಿನಲ್ಲಿ ಬಲ್ಬು ಉರಿಸಿದರೆ ಆಯಿತು. ಪ್ರೋಟೀನಿಗೆ ಗೆದ್ದಲು, ಅಜೋಲ, ಕಡಲೆಕಾಯಿ ಹಿಂಡಿ ಒಳ್ಳೆಯವು. ಬೂಸ್ಟು ಹಿಡಿದ ಹಿಂಡಿ ಯಕೃತ್ತನ್ನು ಹಾಳುಮಾಡುತ್ತದೆ. ಜಂತುಹುಳು, ಹೇನುಗಳಿದ್ದರೆ ಎಷ್ಟು ಮೇವು ಹಾಕಿದರೂ ಫಲವಿಲ್ಲ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಪಶುವೈದ್ಯರಿಂದಲೇ ತಿಳಿಯಬೇಕು.

ಇಡೀ ಹಿಂಡಿನ ಮೊಟ್ಟೆ ಒಮ್ಮೆಗೇ ಕುಸಿದು, ಚಿಪ್ಪು ಒರಟಾಗಿ ಸುಕ್ಕುಗಟ್ಟಿ, ಕೆಮ್ಮು ಅಥವಾ ಹಸಿರು ಭೇದಿ ಕಂಡರೆ ಅದು ಮೇವಿನ ಕೊರತೆಯಲ್ಲ. ಕೊಕ್ಕರೆ ರೋಗವೋ ಸಾಂಕ್ರಾಮಿಕ ಬ್ರಾಂಕೈಟಿಸೋ ಇರಬಹುದು. ಕೋಳಿ ಲವಲವಿಕೆಯಿಂದಿದ್ದೂ ಚಿಪ್ಪಿಲ್ಲದ ಮೊಟ್ಟೆ ಇಡುತ್ತಿದ್ದರೆ, ಬಾತುಕೋಳಿಗಳಿಂದ ಹರಡುವ ಎಗ್ ಡ್ರಾಪ್ ಸಿಂಡ್ರೋಮ್ ಸಂಶಯಿಸಬೇಕು. ಬಾತು ಮತ್ತು ಕೋಳಿಗಳ ನೀರು ಬೇರೆಯಿರಲಿ. ಕೋಳಿಗಳು ಸಾಯತೊಡಗಿದರೆ ಅಂದೇ ಪಶು ಆಸ್ಪತ್ರೆಗೆ ತಿಳಿಸಬೇಕು. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಲಸೋಟಾ, 8ರಿಂದ 10ನೇ ವಾರದಲ್ಲಿ ಆರ್2ಬಿ ಲಸಿಕೆ ಹಾಕಿಸುವುದು ರೂಢಿ. ಎಳೆಯದರಲ್ಲೇ ಬ್ರಾಂಕೈಟಿಸ್ ತಗುಲಿ ಅಂಡನಾಳ ಕೆಟ್ಟ ಹೇಂಟೆ ಮತ್ತೆ ಒಳ್ಳೆಯ ಮೊಟ್ಟೆ ಕೊಡುವುದಿಲ್ಲ; ಅದನ್ನು ಮೊಟ್ಟೆಗಾಗಿ ಸಾಕುವುದರಲ್ಲಿ ಲಾಭವಿಲ್ಲ.