ದಪ್ಪ ಕಾಗದಕ್ಕೆ ಯಾವ ಪ್ರಿಂಟರ್? ಒಂಬತ್ತನೇ ತರಗತಿಯಲ್ಲಿ ಮೂರು ಅವಧಿ

ತರಗತಿ: 9. ವಿಷಯ: ವಿಜ್ಞಾನ. ಕಲಿಕಾಂಶ: ದ್ರಾವಣ ಮತ್ತು ಕಲಿಲ, ಅಳತೆ. ಅವಧಿ: 40 ನಿಮಿಷಗಳ 3 ಅವಧಿಗಳು. ಸ್ಥಳ: ಹರಿಹರದ ಒಂದು ಪ್ರೌಢಶಾಲೆ.

ಇಂಟರ್ನ್‌ಶಿಪ್‌ನ ಎರಡನೇ ತಿಂಗಳಲ್ಲಿ ಮುಖ್ಯ ಶಿಕ್ಷಕರು ನನ್ನನ್ನು ಕರೆಸಿದರು. ಹಳೆಯ ವಿದ್ಯಾರ್ಥಿಗಳು ಫೋಟೊ ಪ್ರಿಂಟರ್ ಕೊಳ್ಳಲೆಂದು ಶಾಲೆಗೆ ₹70,000 ಕೊಟ್ಟಿದ್ದರು. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳನ್ನೂ ಛಾವಣಿಯನ್ನೂ ಮಕ್ಕಳು ಚಿತ್ರ ತೆಗೆದಿದ್ದರು. ಅವುಗಳನ್ನು ಕಲಾವಿದರು ಬಳಸುವಂಥ ದಪ್ಪ ಹತ್ತಿ ಕಾಗದದ ಮೇಲೆ ಮುದ್ರಿಸಿ ಪ್ರದರ್ಶನಕ್ಕಿಡಬೇಕೆಂಬುದು ಚಿತ್ರಕಲಾ ಶಿಕ್ಷಕರ ಆಸೆ. "ನೀವು ಬಿಎಸ್ಸಿ ಮಾಡಿದೀರಿ, ಯಾವುದು ತಗೋಬೇಕು ಅಂತ ನೀವೇ ಹೇಳಿ ಮೇಡಂ" ಎಂದರು ಮುಖ್ಯ ಶಿಕ್ಷಕರು. ದಾವಣಗೆರೆಯ ನಮ್ಮ ಮನೆಯಲ್ಲಿ ಅಣ್ಣ ಪಾಸ್‌ಪೋರ್ಟ್ ಫೋಟೊ ಮುದ್ರಿಸುವ ಪ್ರಿಂಟರ್ ಇದೆ. ಅಂಥದೇ ಸಾಕು ಎಂದುಬಿಟ್ಟೆ. ಆ ವಾರವೇ ಆರ್ಡರ್ ಹೋಗಿದ್ದರೆ ದಾನಿಗಳ ಹಣಕ್ಕೆ ನಾನು ಉತ್ತರ ಹೇಳಬೇಕಾಗುತ್ತಿತ್ತು. ಹೋಗಲಿಲ್ಲ. ಅದಕ್ಕೆ ಕಾರಣ ಮಕ್ಕಳು.

ದ್ರಾವಣ, ಕಲಿಲಗಳ ಘಟಕ ಹೇಗೂ ನನ್ನ ಪಾಲಿಗೆ ಬಂದಿತ್ತು. ಶಾಯಿ ಅದಕ್ಕೆ ಒಳ್ಳೆಯ ಉದಾಹರಣೆ ಎಂದುಕೊಂಡು ಮನೆಯ ಪ್ರಿಂಟರನ್ನೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ಹರಿಹರಕ್ಕೆ ಒಯ್ದೆ. ಪಾಠಯೋಜನೆಯಲ್ಲಿ "ಪ್ರಾತ್ಯಕ್ಷಿಕೆ: 5 ನಿಮಿಷ" ಎಂದು ಬರೆದಿದ್ದೆ. ಝೆರಾಕ್ಸ್ ಹಾಳೆ ಸಲೀಸಾಗಿ ಹೊರಬಂತು. ಆಮೇಲೆ ಚಿತ್ರಕಲಾ ಶಿಕ್ಷಕರು ಜೋಪಾನವಾಗಿ ಕೊಟ್ಟಿದ್ದ 308 ಜಿಎಸ್‌ಎಂ ಹತ್ತಿ ಕಾಗದ ಹಾಕಿದೆ. ಒಂದು ಅಂಗುಲ ಒಳಗೆ ಹೋಗಿ ಕರಕರ ಸದ್ದು ಮಾಡಿ ನಿಂತಿತು. ಎಳೆದು ತೆಗೆದರೆ ನಡುವೆ ಅಡ್ಡ ಮಡಿಕೆ, ಒಂದು ಅಂಚಿನಲ್ಲಿ ಕಪ್ಪು ಗೀರು. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕೂತಿದ್ದ ಮಾರ್ಗದರ್ಶಕ ಶಿಕ್ಷಕಿ ಏನೋ ಬರೆದುಕೊಂಡರು. ನನ್ನ ಮುಖ ಬಿಸಿಯಾಯಿತು.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಬಂದು ಬಗ್ಗಿ ನೋಡಿದ. "ಮಿಸ್, ಹಾಳೆ ಕೆಳಗಿಂದ ಹೋಗಿ ಮ್ಯಾಲೆ ತಿರುಗಿ ಬರ್ಬೇಕಲ್ಲ, ಇದು ತಿರುಗಂಗಿಲ್ಲ. ದಪ್ಪ ಐತಿ" ಎಂದ. ಐದು ನಿಮಿಷದ ಪ್ರಾತ್ಯಕ್ಷಿಕೆ ಅಲ್ಲಿಂದ ಇಡೀ ಅವಧಿಯನ್ನು ನುಂಗಿತು. ಮುಚ್ಚಳ ತೆಗೆದು ಎಲ್ಲರೂ ಸರದಿಯಲ್ಲಿ ನೋಡಿದರು. ಕಾಗದದ ತಟ್ಟೆ ಮುಂದೆ ಕೆಳಗಿದೆ, ಹಾಳೆ ಹೊರಬರುವುದೂ ಮುಂದೆಯೇ. ಒಳಗೆ ಅದು ಉರುಳೆಯ ಸುತ್ತ ಅರ್ಧ ಸುತ್ತು ತಿರುಗಲೇಬೇಕು. ಹಿಂದುಗಡೆಯಿಂದ ಹಾಳೆ ಹಾಕುವ ಪ್ರಿಂಟರುಗಳಲ್ಲಿ ಈ ತಿರುವು ಇರುವುದಿಲ್ಲ, ದಾರಿ ಹೆಚ್ಚುಕಡಿಮೆ ನೇರ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ನಾನು ನೋಡಿದ್ದು ಬೆಲೆಯನ್ನೂ ಜಾಹೀರಾತಿನ ಡಿಪಿಐ ಸಂಖ್ಯೆಯನ್ನೂ ಮಾತ್ರ.

"ದಪ್ಪ ಎಂದರೆ ಎಷ್ಟು ದಪ್ಪ?" ಎಂದು ಕೇಳಿದೆ. ಸ್ಕೇಲಿನಲ್ಲಿ ಒಂದು ಹಾಳೆಯನ್ನು ಅಳೆಯಲಾಗದು. ಐವತ್ತು ಝೆರಾಕ್ಸ್ ಹಾಳೆ ಜೋಡಿಸಿದರೆ 5 ಮಿಲಿಮೀಟರ್, ಅಂದರೆ ಒಂದಕ್ಕೆ 0.1 ಎಂದು ಒಂದು ಗುಂಪು ಕಂಡುಕೊಂಡಿತು. ಮರುದಿನ ಒಬ್ಬ ಹುಡುಗಿ ಬಟ್ಟೆಯಲ್ಲಿ ಸುತ್ತಿದ ಮೈಕ್ರೋಮೀಟರ್ ತಂದಳು. ಹರಿಹರದಲ್ಲಿ ಲೇತ್ ಯಂತ್ರ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವಳ ಅಜ್ಜ ಕೆಲಸಕ್ಕಿದ್ದರಂತೆ. ನಮ್ಮ ಪ್ರಯೋಗಾಲಯದಲ್ಲಿ ಇಲ್ಲದ ಉಪಕರಣ ಆ ಊರಿನ ಮನೆಯೊಂದರ ಕಪಾಟಿನಲ್ಲಿತ್ತು. ಹತ್ತಿ ಕಾಗದ 0.48 ಮಿಲಿಮೀಟರ್ ಬಂತು.

ಸುಮಾರು ಐದು ಪಟ್ಟು ದಪ್ಪ, ಆದ್ದರಿಂದ ಬಗ್ಗಿಸಲು ಐದು ಪಟ್ಟು ಬಲ ಸಾಕು ಎಂದು ತರಗತಿಯಲ್ಲಿ ಬಹುತೇಕರು ಊಹಿಸಿದರು. ಇದನ್ನು ಪರೀಕ್ಷಿಸುವುದು ಸುಲಭ. ಡ್ರಾಯಿಂಗ್ ಶೀಟಿನ ಸಮ ಅಳತೆಯ ಪಟ್ಟಿಗಳನ್ನು ಕತ್ತರಿಸಿ ಮೇಜಿನ ಅಂಚಿನಿಂದ 10 ಸೆಂಟಿಮೀಟರ್ ಹೊರಗೆ ಚಾಚಿ ತುದಿಗೆ ಪೇಪರ್ ಕ್ಲಿಪ್ ತೂಗಿಸಬೇಕು. ಬಿಡಿಯಾಗಿ ಒಂದರ ಮೇಲೊಂದು ಇಟ್ಟ ಎರಡು ಪಟ್ಟಿಗಳು ಅಷ್ಟೇ ಬಾಗಲು ಎರಡರಷ್ಟು ಕ್ಲಿಪ್ ಬೇಕಾದವು. ಅದೇ ಎರಡನ್ನು ಗೋಂದಿನಿಂದ ಅಂಟಿಸಿ ಒಣಗಿಸಿದಾಗ ಆರೇಳು ಪಟ್ಟು ಬೇಕಾಯಿತು. ಲೆಕ್ಕದ ಪ್ರಕಾರ ಎಂಟು ಬರಬೇಕು, ಏಕೆಂದರೆ ಒಂದೇ ವಸ್ತುವಿನ ಹಾಳೆಯ ಬಿಗುವು ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಗೋಂದು ಎಲ್ಲೆಡೆ ಸಮನಾಗಿ ಹತ್ತಿರಲಿಲ್ಲ. 4.8ರ ಘನ ಸುಮಾರು 110. ಹತ್ತಿ ಕಾಗದ ಝೆರಾಕ್ಸ್ ಹಾಳೆಗಿಂತ ಸಡಿಲ ಹೆಣಿಗೆಯದು, ಆದ್ದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆಯಿರುತ್ತದೆ. ಆದರೂ ಐದು ಎಲ್ಲಿ, ನೂರರ ಆಸುಪಾಸು ಎಲ್ಲಿ! ಉರುಳೆ ಯಾಕೆ ಸೋತಿತೆಂದು ಕೇಳುವ ಅಗತ್ಯ ಯಾರಿಗೂ ಉಳಿಯಲಿಲ್ಲ.

ಇಲ್ಲಿ ಜಿಎಸ್‌ಎಂ ಬಗ್ಗೆ ಒಂದು ಮಾತು. ಅದು ಒಂದು ಚದರ ಮೀಟರ್ ಕಾಗದದ ತೂಕ, ದಪ್ಪವಲ್ಲ. ಹೊಳಪಿನ ಫೋಟೊ ಕಾಗದ ಒತ್ತಾಗಿರುವುದರಿಂದ ಅದೇ ತೂಕಕ್ಕೆ ಹತ್ತಿ ಕಾಗದಕ್ಕಿಂತ ತೆಳ್ಳಗಿರುತ್ತದೆ. "300 ಜಿಎಸ್‌ಎಂ ಹಿಡಿಯುತ್ತದೆ" ಎಂದು ಅಂಗಡಿಯವರು ಹೇಳಿದರೆ, ಎಷ್ಟು ಮಿಲಿಮೀಟರ್, ಯಾವ ದಾರಿಯಲ್ಲಿ ಎಂದು ಮತ್ತೆ ಕೇಳಬೇಕು. ಎಪ್ಸನ್ ಎಲ್8180ರಲ್ಲಿ ಹಿಂದಿನ ನೇರ ದಾರಿಯಲ್ಲಿ 1.3 ಮಿಲಿಮೀಟರ್‌ವರೆಗೆ ಹಾಕಬಹುದು. ಕ್ಯಾನನ್ ಪ್ರೊ-300ರ ಕೈಯಿಂದ ಹಾಕುವ ದಾರಿಯಲ್ಲಿ ಮಿತಿ 0.6. ನಮ್ಮ 0.48ಕ್ಕೆ ಎರಡೂ ಸಾಕು. ಅಂಚಿನ ಕಪ್ಪು ಗೀರಿಗೆ ಕಾರಣ ಬೇರೆ. ಶಾಯಿ ಸಿಡಿಸುವ ಹೆಡ್ ಕಾಗದಕ್ಕೆ ತೀರಾ ಹತ್ತಿರದಲ್ಲಿ ಓಡಾಡುತ್ತದೆ, ಅಂಚು ಸ್ವಲ್ಪ ಮೇಲೆದ್ದರೂ ತಾಗುತ್ತದೆ. ದಪ್ಪ ಕಾಗದ ಎಂದು ಸೆಟ್ಟಿಂಗ್‌ನಲ್ಲಿ ತಿಳಿಸಿದರೆ ಹೆಡ್ ಮೇಲೇರುವ ಸೌಲಭ್ಯ ಇದೆಯೇ ಎಂದು ನೋಡಬೇಕು. ಹಾಳೆಗಳನ್ನು ಹಿಂದಿನ ರಾತ್ರಿ ಭಾರದ ಪುಸ್ತಕಗಳ ಕೆಳಗೆ ಸಮತಟ್ಟಾಗಿ ಇಟ್ಟಿರಬೇಕು.

ಎರಡನೇ ಅವಧಿಯಲ್ಲಿ ಪಠ್ಯದ ಘಟಕಕ್ಕೆ ಬಂದೆವು. ಮೂರು ಗಾಜಿನ ಲೋಟಗಳಲ್ಲಿ ನೀರು. ಒಂದಕ್ಕೆ ಏನೂ ಹಾಕಲಿಲ್ಲ, ಇನ್ನೊಂದಕ್ಕೆ ಡೈ ಶಾಯಿಯ ಒಂದು ಹನಿ, ಮತ್ತೊಂದಕ್ಕೆ ಪಿಗ್ಮೆಂಟ್ ಶಾಯಿಯ ಸೂಜಿಮೊನೆಯಷ್ಟು. ಕಿಟಕಿ ಮುಚ್ಚಿ ಲೇಸರ್ ಪಾಯಿಂಟರ್ ಹಾಯಿಸಿದಾಗ ಮೂರನೆಯದರಲ್ಲಿ ಮಾತ್ರ ಬೆಳಕಿನ ದಾರಿ ಎದ್ದು ಕಂಡಿತು. ಟಿಂಡಾಲ್ ಪರಿಣಾಮಕ್ಕೆ ಹಾಲಿನ ಹನಿಗಿಂತ ಇದು ಚೆನ್ನ, ಏಕೆಂದರೆ ನೋಡಿದ ಮೇಲೆ ಮಾಡಬೇಕಾದ ಒಂದು ನಿರ್ಧಾರವಿದೆ. (ಪಾಯಿಂಟರ್ ಶಿಕ್ಷಕರ ಕೈಯಲ್ಲೇ ಇರಲಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ.) ಡೈ ಎಂದರೆ ಕರಗಿದ ಬಣ್ಣ, ಅದು ದ್ರಾವಣ. ಪಿಗ್ಮೆಂಟ್ ಎಂದರೆ ಕರಗದೆ ಹರಡಿಕೊಂಡ ಅತಿ ಸಣ್ಣ ಕಣಗಳು, ಅದು ಕಲಿಲ. ಬಿಡಿ ಅಣುಗಳಾಗಿರುವ ಡೈಯನ್ನು ಬಿಸಿಲೂ ಗಾಳಿಯ ಓಝೋನೂ ಬೇಗ ಕೆಡಿಸುತ್ತವೆ. ಕಣದಲ್ಲಿ ಸಾವಿರಾರು ಅಣುಗಳು ಒತ್ತಿಕೊಂಡಿರುವುದರಿಂದ ಹೊರಪದರ ಕೆಟ್ಟರೂ ಒಳಗಿನದು ಉಳಿಯುತ್ತದೆ. ಪ್ರೊ-300 ಪೂರ್ತಿ ಪಿಗ್ಮೆಂಟಿನದು, ಹೊಳಪಿಲ್ಲದ ಕಾಗದಕ್ಕೆ ಬೇರೆಯೇ ಕಪ್ಪು ಅದರಲ್ಲಿದೆ. ಎಲ್8180ರ ಆರು ಶಾಯಿಗಳಲ್ಲಿ ಒಂದು ಕಪ್ಪು ಮಾತ್ರ ಪಿಗ್ಮೆಂಟ್, ಉಳಿದವು ಡೈ. ಆದರೆ ಅದರ ಶಾಯಿ ಬಾಟಲಿಯಿಂದ ತುಂಬುವಂಥದು, ಮುದ್ರಣದ ಖರ್ಚು ಬಹಳ ಕಡಿಮೆ.

ಕಾಗದದ ಪಾಠವನ್ನು ಬೇಗ ಮುಗಿಸಿದೆ, ಈಗ ಅನಿಸುತ್ತದೆ ಅದು ತಪ್ಪು ಎಂದು. ಕಲಾ ಕಾಗದಗಳಲ್ಲಿ ಕೆಲವು ಹತ್ತಿಯ ನಾರಿನವು, ಕೆಲವು ಶುದ್ಧೀಕರಿಸಿದ ಮರದ ತಿರುಳಿನ ಆಲ್ಫಾ ಸೆಲ್ಯುಲೋಸಿನವು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆ ಒಂದು ಕಡೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ರೇಯಾನ್‌ಗಾಗಿ ಅಂಥದೇ ಶುದ್ಧ ಸೆಲ್ಯುಲೋಸ್ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಇನ್ನೊಂದು ಕಡೆ. ತರಗತಿಯಲ್ಲಿ ನಾಲ್ಕು ಮಕ್ಕಳ ಮನೆಯವರು ಅಲ್ಲೇ ಕೆಲಸಕ್ಕಿದ್ದಾರೆ. ಅವರಲ್ಲಿ ಒಬ್ಬರನ್ನು ತರಗತಿಗೆ ಕರೆಸಬಹುದಿತ್ತು ಎಂದು ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಸರಿಯಾಗಿದೆ. ಒಂದು ಪ್ರಯೋಗ ಮಾತ್ರ ಮಾಡಿದೆವು. ಲೇಪನವಿಲ್ಲದ ಜಲವರ್ಣದ ಹಾಳೆಗೂ ಇಂಕ್‌ಜೆಟ್ ಲೇಪನವಿರುವ ಹತ್ತಿ ಕಾಗದಕ್ಕೂ ಡೈ ಶಾಯಿಯ ಒಂದೊಂದು ಹನಿ ಹಾಕಿದಾಗ ಮೊದಲನೆಯದರಲ್ಲಿ ಅದು ನಾರಿನ ಗುಂಟ ಹರಿದು ಮೀಸೆ ಬಿಟ್ಟಿತು. ದಪ್ಪವಾಗಿದೆ ಎಂಬ ಒಂದೇ ಕಾರಣಕ್ಕೆ ಕಾಗದ ಮುದ್ರಣಕ್ಕೆ ಆಗಿಬರುವುದಿಲ್ಲ.

ಮೂರನೇ ಅವಧಿಯಲ್ಲಿ ಮೂರು ಗುಂಪುಗಳು ಮುಖ್ಯ ಶಿಕ್ಷಕರ ಎದುರು ತಮ್ಮ ಶಿಫಾರಸು ಓದಿದವು. ಮೊದಲ ಗುಂಪು ನೇರ ದಾರಿಯ, ಬಾಟಲಿ ಶಾಯಿಯ ಪ್ರಿಂಟರ್ ಕೇಳಿತು. ಎರಡನೆಯದು ಪಿಗ್ಮೆಂಟ್ ಬೇಕೆಂದಿತು. ಚಿತ್ರಗಳನ್ನು ತೂಗುಹಾಕುವ ಪಡಸಾಲೆಗೆ ಸಂಜೆ ಬಿಸಿಲು ನೇರ ಬೀಳುತ್ತದೆ ಎಂಬುದು ಅವರ ಆಧಾರ. ಆದರೆ ಯಂತ್ರಕ್ಕೇ ಹಣ ಮುಗಿದು ಶಾಯಿ, ಕಾಗದಕ್ಕೆ ಏನೂ ಉಳಿಯದು ಎಂದು ಅವರೇ ಒಪ್ಪಿಕೊಂಡರು. ಮೂರನೆಯ ಗುಂಪು ಕೊಳ್ಳುವುದೇ ಬೇಡ ಎಂದಿತು! ವರ್ಷಕ್ಕೆ ನಾವು ಮುದ್ರಿಸುವುದು 24 ಚಿತ್ರ. ಏಪ್ರಿಲ್, ಮೇ ಎರಡು ತಿಂಗಳು ಶಾಲೆಗೆ ಬೀಗ. ಆ ಸೆಕೆಯಲ್ಲಿ ನಳಿಕೆಗಳಲ್ಲಿ ಶಾಯಿ ಒಣಗಿ ಕಟ್ಟಿಕೊಂಡರೆ ಜೂನ್‌ನಲ್ಲಿ ರಿಪೇರಿ. ಹೊರಗೆ ಮುದ್ರಿಸಿ ತರುವುದೇ ಅಗ್ಗ. ನನಗೆ ಈ ವಾದವೇ ಗಟ್ಟಿ ಎನಿಸಿತು, ಈಗಲೂ ಅನಿಸುತ್ತದೆ. ಚಿತ್ರಕಲಾ ಶಿಕ್ಷಕರು ಒಪ್ಪಲಿಲ್ಲ. "ಹಾಳೆ ಹೊರಗೆ ಬರೋದನ್ನ ಮಕ್ಕಳು ಕಣ್ಣಾರೆ ನೋಡ್ಬೇಕು, ಬಣ್ಣ ಕೆಟ್ಟರೆ ಅವರೇ ತಿದ್ದಬೇಕು, ಇಲ್ಲಾಂದ್ರೆ ಈ ದುಡ್ಡು ಯಾಕೆ?" ಎಂದರು.

ಮೈಕ್ರೋಮೀಟರ್ ತಂದ ಹುಡುಗಿಯ ಮನೆ ಶಾಲೆಯ ಹಿಂದೆಯೇ ಇದೆ. ರಜೆಯಲ್ಲಿ ವಾರಕ್ಕೊಮ್ಮೆ ಬಂದು ನಳಿಕೆ ಪರೀಕ್ಷೆಯ ಒಂದು ಹಾಳೆ ಮುದ್ರಿಸಿ ಹೋಗುತ್ತೇನೆ, ಬೀಗದ ಕೈ ಜವಾನಣ್ಣನ ಹತ್ತಿರ ಇರುತ್ತದಲ್ಲ ಎಂದಳು. ಅಲ್ಲಿಗೆ ಮೊದಲ ಗುಂಪಿನ ಶಿಫಾರಸು ಗೆದ್ದಿತು, ಒಂದು ಷರತ್ತಿನ ಮೇಲೆ. ಚಿತ್ರಗಳು ಪಡಸಾಲೆಯಲ್ಲಲ್ಲ, ಗ್ರಂಥಾಲಯದ ಒಳಗೋಡೆಯಲ್ಲಿ, ಗಾಜಿನ ಚೌಕಟ್ಟಿನಲ್ಲಿ ಇರಬೇಕು.

ಇಂಟರ್ನ್‌ಶಿಪ್ ಮುಗಿಯುವ ಮುನ್ನ ಒಂದು ಕೆಲಸ ಮಾಡಿಬಂದೆವು. ದೇವಾಲಯದ ಒಂದೇ ಕಂಬದ ಚಿತ್ರವನ್ನು ನಮ್ಮ ಮನೆಯ ಡೈ ಪ್ರಿಂಟರಿನಲ್ಲಿ ತೆಳು ಫೋಟೊ ಕಾಗದಕ್ಕೂ, ದಾವಣಗೆರೆಯ ಸ್ಟುಡಿಯೊ ಒಂದರಲ್ಲಿ ಪಿಗ್ಮೆಂಟಿನಲ್ಲಿ ಹತ್ತಿ ಕಾಗದಕ್ಕೂ ಮುದ್ರಿಸಿ, ಎರಡರ ಅರ್ಧಭಾಗಕ್ಕೂ ಕಪ್ಪು ಕಾಗದ ಮುಚ್ಚಿ ಪಡಸಾಲೆಯ ಪಶ್ಚಿಮದ ಕಿಟಕಿಗೆ ಅಂಟಿಸಿದ್ದೇವೆ. ಕಾಗದವೂ ಬೇರೆ, ಶಾಯಿಯೂ ಬೇರೆ, ಹಾಗಿದ್ದರೆ ಬಣ್ಣ ಹೋದದ್ದು ಯಾವುದರಿಂದ ಎಂದು ಹೇಗೆ ಹೇಳುತ್ತೀರಿ ಮಿಸ್ ಎಂದು ಎರಡನೇ ಗುಂಪಿನವರು ಕೇಳಿದರು. ಮೂರನೆಯ ಒಂದು ಮುದ್ರಣ, ಡೈ ಶಾಯಿಯದು ಹತ್ತಿ ಕಾಗದದ ಮೇಲೆ, ಹೊಸ ಪ್ರಿಂಟರ್ ಬಂದ ದಿನವೇ ಅದೇ ಕಿಟಕಿಗೆ ಸೇರಬೇಕೆಂದು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದಾರೆ.