ವಾಕರ್ ಬಿಡಲು ಕಾಲಿಗಿಂತ ಮನಸ್ಸು ಹೆದರುತ್ತಿದೆ

ಪ್ರಶ್ನೆ: ನನಗೆ 66 ವರ್ಷ, ನಿವೃತ್ತ ಶಿಕ್ಷಕಿ. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಮೊದಲು ಫಿಸಿಯೋದವರು ಮನೆಗೇ ಬಂದು ವ್ಯಾಯಾಮ ಮಾಡಿಸುತ್ತಿದ್ದರು. ಈಗ ನಾನೇ ಮಾಡಿಕೊಳ್ಳಬೇಕು. ಎರಡು ದಿನ ಮಾಡಿದರೆ ನಾಲ್ಕು ದಿನ ಬಿಡುತ್ತೇನೆ. ಡಾಕ್ಟರು ವಾಕರ್ ಬಿಡಬಹುದು ಅಂದರೂ ಕೈ ಬಿಡಲು ಆಗುತ್ತಿಲ್ಲ. ‘ಸೋಮಾರಿ ಆಗಿದ್ದೀಯಮ್ಮ’ ಎಂದು ಮಗ ರೇಗುತ್ತಾನೆ. ಮೊದಲಿನ ಹಾಗೆ ಆಗುವುದೇ ಇಲ್ಲ ಅಂದಮೇಲೆ ಇದೆಲ್ಲ ಯಾಕೆ ಅನ್ನಿಸುತ್ತದೆ.
– ಹೆಸರು ಬೇಡ, ತಿಪಟೂರು

ಅಮ್ಮಾ, ಇದನ್ನು ನಿಮ್ಮ ಮಗನೂ ಓದಲಿ. ಅವರು ಹೇಳುವ ಸೋಮಾರಿತನ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಕಂಡದ್ದು ಭಯ. ಒಮ್ಮೆ ಬಿದ್ದವರಲ್ಲಿ ಇದು ತೀರಾ ಸಾಮಾನ್ಯ. ಆದರೆ ಭಯಕ್ಕೆ ಓಡಾಟ ಕಡಿಮೆಯಾದರೆ ಸ್ನಾಯು ಸೊರಗುತ್ತದೆ, ಆಗ ನಿಜಕ್ಕೂ ಬೀಳುವ ಸಂಭವ ಹೆಚ್ಚುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ನೀವಂತೂ ಮೂಳೆ ಮುರಿದುಕೊಂಡು ಮಲಗಿದ್ದವರು. ಕಾಲು ನಡುಗಿದರೆ ಅದರಲ್ಲಿ ನಿಮ್ಮ ತಪ್ಪೇನಿದೆ?

ಹೋದ ಬಲ ಈ ವಯಸ್ಸಿನಲ್ಲಿ ಮರಳಿ ಬರುತ್ತದೆ. ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದ್ದರು. 1990ರ ಆ ವರದಿಯ ಪ್ರಕಾರ, ಕೊನೆಯವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ನಿಮಗಿನ್ನೂ 66. ಆದರೆ ಮೊದಮೊದಲು ಬರುವ ಬಲ, ನರಗಳು ಸ್ನಾಯುವನ್ನು ಮತ್ತೆ ದುಡಿಸಲು ಕಲಿಯುವುದರಿಂದ ಬರುವಂಥದ್ದು; ಸ್ನಾಯು ತುಂಬಿಕೊಳ್ಳಲು ಇನ್ನಷ್ಟು ಕಾಲ ಬೇಕು. ‘ಏನೂ ಆಗುತ್ತಿಲ್ಲ’ ಎಂದು ಜನ ಬಿಟ್ಟುಬಿಡುವುದು ಈ ನಡುವೆಯೇ. ಸೊಂಟ ಮುರಿದವರ ಚೇತರಿಕೆ ವರ್ಷದವರೆಗೂ ಸಾಗುತ್ತದೆ.

ಆದ್ದರಿಂದ ಕಣ್ಣಿಗೆ ಕಾಣುವ ಅಳತೆಯೊಂದು ಬೇಕು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಪ್ರತಿ ಭಾನುವಾರ ಮಗ ಎಣಿಸಲಿ, ನೀವು ಕ್ಯಾಲೆಂಡರಿನಲ್ಲಿ ಬರೆಯಿರಿ. ವರ್ಷಗಟ್ಟಲೆ ಮಕ್ಕಳ ಅಂಕ ಬರೆದ ಕೈ ನಿಮ್ಮದು. ಹಳೆಯ ನಿಮ್ಮೊಂದಿಗೆ ಹೋಲಿಕೆ ಬೇಡ, ಹೋದ ಭಾನುವಾರದೊಂದಿಗೆ ಸಾಕು.

ಇನ್ನು ವಾಕರ್. ನಮ್ಮ ಸಮತೋಲನ ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು ಕಳಿಸುವ ಸುದ್ದಿಯನ್ನು ನಂಬಿರುತ್ತದೆ. ಯಾವಾಗಲೂ ಕೈಯೇ ಭಾರ ಹೊತ್ತರೆ ಪಾದಕ್ಕೆ ಅಭ್ಯಾಸವಾಗದು. ಬೆಳಗಿನ ಕಾಫಿ ಆದ ಕೂಡಲೇ ಅಡುಗೆಮನೆಯಲ್ಲಿ, ಒಲೆಯಿಂದ ದೂರದ ಬದಿಯಲ್ಲಿ, ಕಟ್ಟೆಗೆ ಮುಖ ಮಾಡಿ ನಿಲ್ಲಿ. ಬೆನ್ನ ಹಿಂದೆ ಕುರ್ಚಿ ಇರಲಿ. ಎರಡೂ ಕೈ ಕಟ್ಟೆಯ ಮೇಲಿಟ್ಟು ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸಿ. ಅದು ಸಲೀಸಾದ ಮೇಲೆ ಒಂದೇ ಕೈ, ಆಮೇಲೆ ಬೆರಳ ತುದಿ ಮಾತ್ರ. ಶುರುವಿನಲ್ಲಿ ಮಗ ಪಕ್ಕದಲ್ಲಿ ನಿಂತಿರಲಿ. ರೇಗುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಮನಸ್ಸು ಬರಲಿ, ಆಮೇಲೆ ಮಾಡೋಣ ಎಂದು ಕಾಯಬೇಡಿ. ಬೇಡವೆನಿಸಿದ ದಿನ ಎರಡೇ ನಿಮಿಷ ಮಾಡಿ.

ಮಗನಿಗೆ ಇನ್ನೊಂದು ಮಾತು. ಅಮ್ಮ ಬಿದ್ದ ಬಚ್ಚಲು ಈಗಲೂ ಹಾಗೇ ಇದ್ದರೆ ಅವರಿಗೆ ಧೈರ್ಯ ಹೇಗೆ ಬಂದೀತು? ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಮ್ಯಾಟ್, ರಾತ್ರಿ ಒಂದು ದೀಪ, ಇಷ್ಟನ್ನು ಈ ವಾರವೇ ಮಾಡಿಸಿ.

ವ್ಯಾಯಾಮದ ನೋವು ಮರುದಿನ ಬೆಳಗ್ಗೆ ಇಳಿದಿದ್ದರೆ ಚಿಂತೆಯಿಲ್ಲ. ಇಳಿಯದಿದ್ದರೆ ಸ್ವಲ್ಪ ಕಡಿಮೆ ಮಾಡಿ. ಮೀನಖಂಡ ಊದಿ ನೋವು ಬಂದರೆ, ಏದುಸಿರು ಬಂದರೆ, ಆ ಕಾಲಿನ ಮೇಲೆ ಇದ್ದಕ್ಕಿದ್ದಂತೆ ಭಾರ ಹಾಕಲಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ಡಾಕ್ಟರನ್ನು ಕೇಳಿದ ಮೇಲೆಯೇ.

‘ಇದೆಲ್ಲ ಯಾಕೆ’ ಎಂಬ ಮಾತು ವ್ಯಾಯಾಮಕ್ಕಷ್ಟೇ ಸೀಮಿತವೇ, ಊಟ, ನಿದ್ದೆ, ಮಾತುಕತೆ ಎಲ್ಲದರಲ್ಲೂ ಹಾಗೇ ಅನ್ನಿಸುತ್ತಿದೆಯೇ? ಎರಡು ವಾರಕ್ಕಿಂತ ಹೆಚ್ಚು ಹಾಗಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೂ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫಿಸಿಯೋದವರನ್ನೂ ತಿಂಗಳಿಗೊಮ್ಮೆಯಾದರೂ ಬರಹೇಳಿ. ಕ್ಯಾಲೆಂಡರ್ ನೋಡಿ ಮುಂದಿನ ವ್ಯಾಯಾಮವನ್ನು ಅವರು ಹೇಳಿಕೊಡುತ್ತಾರೆ.